ಮೇಲಿನ ಹಲಗೆ, ಎಡಗಡೆ, ಎರಡನೆಯದು

"ಅತ್ತೆ, ನಿಮ್ಮನ್ನ ಹುಡುಕ್ಕೊಂಡು ಬರೋರು ಏನಂತ ಕೇಳ್ತಾರೆ? ದರ್ಜಿ ಅಂಗಡಿ ಪಕ್ಕದ ಮೆಟ್ಟಿಲು, ಎರಡನೇ ಮಹಡಿ, ಬಲಗಡೆ ಬಾಗಿಲು, ಅಲ್ಲಿರೋ ಅಜ್ಜಿ ಅಂತ. ಕೇಳ್ತಾ ಕೇಳ್ತಾನೇ ಅರ್ಧ ದಾರಿ ಬಂದಿರ್ತಾರೆ. ನಮ್ಮ ವಾಲ್ವುಗಳಿಗೂ ಹಂಗೇ ಹೆಸರಿರಬೇಕು. ಊರು, ಬೀದಿ, ಪೈಪು, ಆಮೇಲೆ ವಾಲ್ವು. ಆ ಸಪಾಟು ಹೇಳೋ ಹಂಗೆ ಎಲ್ಲಕ್ಕೂ ಬರೀ ಒಂದೊಂದು ನಂಬರು ಹೊಡೆದ್ರೆ, ಪೈಪು ಒಡೆದ ದಿನ ಅದನ್ನಿಟ್ಕೊಂಡು ಎಲ್ಲೀಂತ ಅಲೀಲಿ?"

ಇದು ನನ್ನ ಸೊಸೆಯ ಮಾತು. ನೀರು ಸರಬರಾಜು ಕಚೇರಿಯಲ್ಲಿ ಅವಳ ಕೆಲಸ. ನೆಲದಡಿಯ ವಾಲ್ವುಗಳಿಗೆ ಎಲ್ಲ ಊರಿನವರೂ ಒಂದೇ ಕ್ರಮದಲ್ಲಿ ಹೆಸರಿಡಲೆಂದು ಒಂದು ಸಮಿತಿ ಮಾಡಿದ್ದರು, ಇವಳೂ ಅದರಲ್ಲಿದ್ದಳು. ಹೆಸರಿನೊಳಗೆ ಊರು, ಬೀದಿ ಎಂಬ ಮೆಟ್ಟಿಲೇ ಬೇಡ ಎನ್ನುತ್ತಿದ್ದ ಹಿರಿಯ ಎಂಜಿನಿಯರಿಗೆ ಸಪಾಟು ಎಂದು ಅಡ್ಡಹೆಸರಿಟ್ಟವಳು ಇವಳೇ. ಅವರೇನು ಕಡಿಮೆಯೇ, ಇವಳನ್ನು ಏಣಿಯಮ್ಮ ಎನ್ನುತ್ತಿದ್ದರಂತೆ. ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಕಟ್ಟಿದ ಏಣಿ. ಗುರುವಾರ ಸಮಿತಿ ಕೈಯೆತ್ತಿ ತೀರ್ಮಾನಿಸುವುದಿತ್ತು. ಬಿದ್ದರೆ ಅಷ್ಟೂ ನೀರುಪಾಲು.

ಈ ಹುಚ್ಚು ಅಡುಗೆಮನೆಗೂ ಹತ್ತಿತ್ತು. ಡಬ್ಬಿಯೊಳಗೆ ಏನಿದೆ ಎಂದು ಬರೆಯುವ ಬದಲು 'ಮೇಲಿನ ಹಲಗೆ, ಎಡಗಡೆ, ಎರಡನೆಯದು' ಎಂದು ಚೀಟಿ ಅಂಟಿಸಿದ್ದಳು. ಅದು ಚಹಾಪುಡಿ. ನಮಗೂ ಬಾಯಿಪಾಠವಾಗಿತ್ತು.

ಬುಧವಾರ ಸಂಜೆ ಮೇಲಿನ ಹಲಗೆಗೆ ಇರುವೆ ಮುತ್ತಿದವು. ಗಡಿಬಿಡಿಯಲ್ಲಿ ಡಬ್ಬಿಗಳನ್ನೆಲ್ಲ ಕೆಳಗಿಳಿಸಿ ಸಿಕ್ಕಸಿಕ್ಕಲ್ಲಿ ಇಟ್ಟಳು. ಸುಳ್ಳು ವಿಳಾಸ ಅವಳ ಕಣ್ಣಿಗೆ ಚುಚ್ಚುತ್ತದಲ್ಲ, ಹಳೆಯ ಚೀಟಿ ಕಿತ್ತು, ಹೊಸ ಜಾಗದ ಚೀಟಿಗಳನ್ನು ಅಂಟಿಸಿಯೇ ಮಲಗಿದಳು.

ಬೆಳಿಗ್ಗೆ ಮಗ ಒಲೆಯ ಮೇಲೆ ನೀರಿಟ್ಟು ಕೂಗಿದ.

"ಲೇ, ಚಹಾಪುಡಿಗೆ ಈಗ ಏನಂತಾರೆ?"

ಅವಳಿಗೂ ಗೊತ್ತಿರಲಿಲ್ಲ. ಒಂದು ಮುಚ್ಚಳ ತೆಗೆದರೆ ಬೇಳೆ, ಇನ್ನೊಂದರಲ್ಲಿ ಮೆಂತ್ಯ. ನೀರು ಕುದ್ದು ಕುದ್ದು ಬತ್ತಿತು. ಸೊಸೆ ಮುಚ್ಚಳವನ್ನು ಕೈಯಲ್ಲಿ ಹಿಡಿದೇ ನಿಂತುಬಿಟ್ಟಳು.

"ಅತ್ತೆ, ರಸ್ತೆ ಅಗಲ ಮಾಡಿದಾಗೆಲ್ಲ ನಾವು ವಾಲ್ವು ಕಿತ್ತು ಬೇರೆ ಕಡೆ ಕೂರಿಸ್ತೀವಿ," ಎಂದಳು ಮೆಲ್ಲಗೆ.

ಸಂಜೆ ಬಂದು ನಡೆದದ್ದನ್ನು ಹೇಳಿದಳು. ಹೆಸರು ಬರೀ ನಂಬರಾಗಿರಲಿ ಎಂದು ಸಭೆಯಲ್ಲಿ ತಾನೇ ಎದ್ದು ಹೇಳಿದಳಂತೆ. ಏಣಿ ಇಳಿದುಬಿಟ್ರಾ ಎಂದು ಸಪಾಟು ಕೆಣಕಿದರಂತೆ.

"ಇಳಿದೆ ಸಾರ್. ಆದ್ರೆ ಏಣಿ ಬಿಸಾಕಬೇಡಿ, ಹುಡುಕೋಕೆ ಬೇಕು. ಹೆಸರಿನೊಳಗೆ ಬೇಡ, ಪಕ್ಕದಲ್ಲಿ ಬೇರೆಯಾಗಿ ಇರಲಿ, ಅಂದೆ," ಎಂದಳು. ಅದಕ್ಕೆ ಅವರೂ ಕೈಯೆತ್ತಿದರಂತೆ.

ಆದರೂ ಮುಖ ಸ್ವಲ್ಪ ಬಾಡಿತ್ತು; ಕಟ್ಟಿದ ಕೈಯಿಂದಲೇ ಬಿಚ್ಚಿ ಬಂದಿದ್ದಳಲ್ಲ. ಚಹಾ ಕುಡಿದು, ಬಿಸಿನೀರು, ಬಟ್ಟೆ ತಂದು ಡಬ್ಬಿಗಳ ಮುಂದೆ ಕುಳಿತಳು. ಅವಳು ಉಗುರಿನಿಂದ ಚೀಟಿ ಕೆರೆದಳು, ನಾನು ಅಂಟು ಒರೆಸಿದೆ. ಬಿಸಿನೀರು ಇನ್ನೊಂದು ಚೂರು ಬೇಕಾಯಿತು.