ದೊರೆ ಕೇಳಿದ ಹೀರೋ

ಪುಟ್ಟತಾಯಿ, ನಿನ್ನನ್ನು ಹೊಳೆಯಿಂದ ಎತ್ತಿದವನು ನಾನಲ್ಲ.

ಇಷ್ಟು ಹೇಳುವುದಕ್ಕೆ ನನಗೆ ಒಂದು ಆಯುಷ್ಯವೇ ಬೇಕಾಯಿತು. ನೀನು ನನ್ನನ್ನು ಅಣ್ಣ ಎಂದು ಕರೆದೆ. ಹಿರಿಯ ಮಗನಿಗೆ ಗುರುಶಾಂತ ಎಂದು ನನ್ನ ಹೆಸರನ್ನೇ ಇಟ್ಟೆ. ಮೊನ್ನೆ ಅವನ ಮದುವೆಯಲ್ಲಿ ಅವನ ಕೈಯಲ್ಲಿ ನನ್ನ ಕಾಲು ಮುಟ್ಟಿಸಿ, "ಇವರಿಲ್ದಿದ್ರೆ ನಾನೂ ಇರ್ತಿರ್ಲಿಲ್ಲ, ನೀನೂ ಇರ್ತಿರ್ಲಿಲ್ಲ ಕಣಪ್ಪ" ಎಂದೆ. ನಾನು ತಲೆ ತಗ್ಗಿಸಿದೆ. ಅದನ್ನು ಎಲ್ಲರೂ ವಿನಯ ಅಂದುಕೊಂಡರು — ಎಂದಿನಂತೆ.

ನಡೆದದ್ದು ಹೀಗೆ.

ನಂಜನಗೂಡಿನಲ್ಲಿ ನನ್ನ ತಂದೆಗೆ ಬೆಲ್ಲದ ಮಂಡಿ ಇತ್ತು. ಸಂಜೆ ವ್ಯಾಪಾರ ಮುಗಿದ ಮೇಲೆ ಮೂಟೆಗಳನ್ನು ಗೋಡೆಗೆ ಒತ್ತರಿಸಿ ನಾವು ಕೆಲವರು ಅಲ್ಲೇ ನಾಟಕ ಕಲಿಯುತ್ತಿದ್ದೆವು. ಆ ಸಂಜೆಗಳು! ನೆಲವೆಲ್ಲ ಬೆಲ್ಲದ ಅಂಟು, ಕುಣಿದರೆ ಅಂಗಾಲು ಚಟಚಟ ಎನ್ನುತ್ತಿತ್ತು. ಹಾರ್ಮೋನಿಯಂನ ಒಂದು ಮನೆ ಕೆಟ್ಟಿತ್ತು, ಆ ಸ್ವರ ಬಂದಾಗ ನಾವೇ ಬಾಯಲ್ಲಿ ತುಂಬಿಸುತ್ತಿದ್ದೆವು. ಈಗಲೂ ಹೊಸ ಬೆಲ್ಲದ ವಾಸನೆ ಬಂದರೆ ನನಗೆ ಆ ಹಾಡುಗಳು ಕೇಳಿಸುತ್ತವೆ. ನಾನು ಅಷ್ಟು ಸಂತೋಷವಾಗಿ ಮತ್ತೆಂದೂ ಇರಲಿಲ್ಲ.

ನಾಟಕ ಕಲಿಸುತ್ತಿದ್ದವರು ಇಂಗ್ಲಿಷ್ ಓದಿದ ಒಬ್ಬ ಮೇಷ್ಟ್ರು. ಊರೆಲ್ಲ ರಾಜಪಾರ್ಟು ಅನ್ನುವುದನ್ನು ಅವರು ಮಾತ್ರ ಹೀರೋ ಅನ್ನುತ್ತಿದ್ದರು. "ಹೀರೋ ಎಲ್ಲಯ್ಯ? ಹೀರೋ, ಕಿರೀಟ ಹಾಕ್ಕೊಂಡು ಬಾ." ಹೀರೋ ಎಂದರೆ ನಾನು. ಲೆಕ್ಕ ಬರೆಯುವಷ್ಟು ಕಲಿತು ಶಾಲೆ ಬಿಟ್ಟವನಿಗೆ ಆ ಮಾತಿಗೆ ಬೇರೆ ಅರ್ಥವಿದೆಯೆಂದು ಗೊತ್ತಿರಲಿಲ್ಲ. ಮುತ್ತಿನ ಸರ ಹಾಕಿಕೊಂಡು ನಡುವೆ ನಿಲ್ಲುವವನು ಹೀರೋ, ಅಷ್ಟೆ.

ನನ್ನ ರಾಣಿಯ ಪಾತ್ರ ಮಾಡುತ್ತಿದ್ದವನು ಹದಿನಾರು ಎಂಬ ಹಳ್ಳಿಯ ಮಾದೇವ. ಮಂಡಿಗೆ ಬೆಲ್ಲದ ಗಾಡಿ ಹೊಡೆದುಕೊಂಡು ಬರುತ್ತಿದ್ದ ಬೇಸಾಯಗಾರರ ಹುಡುಗ. ಗುದ್ದಲಿ ಹಿಡಿದು ಒರಟಾದ ಕೈಗೆ ಬಳೆ ಏರಿಸುವಾಗ ಮುಖ ಕಿವುಚುತ್ತಿದ್ದ. ಸೀರೆ ಉಟ್ಟು ಹಾಡಲು ನಿಂತನೆಂದರೆ ಮಂಡಿಯ ಹಮಾಲರೂ ಕೂತುಬಿಡುತ್ತಿದ್ದರು. ಊರ ಕೆರೆಯಲ್ಲಿ ಎಮ್ಮೆಗಳ ಜೊತೆ ಈಜಿ ಬೆಳೆದವನು. ನಾವು ಒಂದೇ ಎಲೆಯಲ್ಲಿ ಉಣ್ಣುತ್ತಿದ್ದೆವು.

ಒಂದು ಮಳೆಗಾಲ ನಮ್ಮನ್ನು ತಿರುಮಕೂಡಲಿಗೆ ನಾಟಕಕ್ಕೆ ಕರೆಸಿದ್ದರು. ಮಾರನೆಯ ಬೆಳಿಗ್ಗೆ ಉಳಿದವರೆಲ್ಲ ಹೊಳೆ ದಾಟಿ ನರಸೀಪುರ ಸೇರಿಯಾಗಿತ್ತು. ಕೊನೆಯ ಹರಿಗೋಲಿನಲ್ಲಿ ನಾನು, ಮಾದೇವ, ನಿನ್ನ ಅಜ್ಜಿ, ಅಜ್ಜಿಯ ತೊಡೆಯ ಮೇಲೆ ನೀನು. ನಿನಗೆ ಇನ್ನೂ ಮಾತು ಸರಿಯಾಗಿ ಬರುತ್ತಿರಲಿಲ್ಲ. ಮಾದೇವನ ಕೆನ್ನೆಯಲ್ಲಿ ಉಳಿದಿದ್ದ ಬಣ್ಣವನ್ನು ಬೆರಳಲ್ಲಿ ಮುಟ್ಟಿ ನಗುತ್ತಿದ್ದೆ. ನಡುಹೊಳೆಯಲ್ಲಿ, ತೇಲಿಬಂದ ಒಂದು ಮರದ ಬೊಡ್ಡೆ ಹರಿಗೋಲಿಗೆ ಹೊಡೆಯಿತು — ನಾವೆಲ್ಲ ನೀರಿನಲ್ಲಿದ್ದೆವು.

ನಾನು ಯಾರನ್ನೂ ನೋಡಲಿಲ್ಲ. ಕೈಗೆ ಆ ಬೊಡ್ಡೆಯೇ ಸಿಕ್ಕಿತು. ಅದನ್ನು ತಬ್ಬಿಕೊಂಡು ದಡಕ್ಕೆ ಬಿದ್ದೆ. ಕೆಸರಿನಲ್ಲಿ ಕೂತು ನಡುಗುತ್ತಿದ್ದಾಗ ಸ್ವಲ್ಪ ಕೆಳಗೆ ಮಾದೇವ ನಿನ್ನನ್ನು ಹೆಗಲ ಮೇಲೆ ಹಾಕಿಕೊಂಡು ನೀರಿನಿಂದ ಎದ್ದು ಬಂದ. ನಿನ್ನನ್ನು ತಲೆಕೆಳಗು ಮಾಡಿ ಬೆನ್ನು ತಟ್ಟಿದ. ನೀನು ಅತ್ತೆ. ನನ್ನ ಮಡಿಲಿಗೆ ಹಾಕಿ, "ಮಗಾನ ಇಡ್ಕೊ, ಶಾಂತಣ್ಣ. ಅಜ್ಜಿ ಅಲ್ಲೇ ಅವ್ಳೆ" ಎಂದು ಮತ್ತೆ ಹೊಳೆಗೆ ಬಿದ್ದ. ನಾನು ಬೇಡವೆನ್ನಲಿಲ್ಲ. ಜೊತೆಗೂ ಹೋಗಲಿಲ್ಲ.

ಕೂಗು ಕೇಳಿ ಜನ ಓಡಿ ಬಂದಾಗ ಅವರಿಗೆ ಕಂಡದ್ದೇನು? ಒದ್ದೆಯಾದ ನಾನು, ನನ್ನ ತೊಡೆಯ ಮೇಲೆ ನೀನು. ಅಂಬಿಗ ಬಹಳ ಕೆಳಗೆ ದಡ ಹತ್ತಿದ್ದ. ಅವನಿಗೂ ಏನೂ ಗೊತ್ತಿರಲಿಲ್ಲ. ನೆರೆ ನೋಡಲೆಂದು ಒಬ್ಬ ಬಿಳಿ ಇಂಜಿನಿಯರ್ ದೊರೆ ಅಮಲ್ದಾರರ ಜೊತೆ ಅಲ್ಲಿಗೆ ಬಂದಿದ್ದ. ಗುಂಪಿನ ನಡುವೆ ಬಂದು ಜೋರಾಗಿ ಏನೋ ಕೇಳಿದ. ಅದರಲ್ಲಿ ನನಗೆ ತಿಳಿದದ್ದು ಒಂದೇ ಮಾತು — ಹೀರೋ.

ನಾಟಕದವರು ಬಂದಿದ್ದಾರೆಂದು ಯಾರೋ ಹೇಳಿರಬೇಕು, ಹೀರೋ ಯಾರು ಎಂದು ಕೇಳುತ್ತಿದ್ದಾನೆ ಅಂದುಕೊಂಡೆ. "ನಾನೇ ಸ್ವಾಮಿ" ಎಂದೆ.

ಇದು ತಪ್ಪಲ್ಲ ಪುಟ್ಟತಾಯಿ. ತಪ್ಪು ಇದರ ಮುಂದಿನದು. ದೊರೆ ನನ್ನ ಕೈ ಹಿಡಿದು ಕುಲುಕಿದ. ಅಮಲ್ದಾರರು ತಮ್ಮ ಶಾಲು ತೆಗೆದು ನನಗೆ ಹೊದಿಸಿ, "ಈ ನೆರೇಲಿ ಮಗೂನ ಎತ್ತಿ ತಂದ ಶೂರ ಯಾರು ಅಂತ ದೊರೆಗಳು ಕೇಳಿದ್ದು. ನೀನೇ ತಾನೇನಯ್ಯ?" ಎಂದರು.

ಆಗ ಅರ್ಥವಾಯಿತು. ಆ ಕ್ಷಣ ಹೊಳೆಯ ಕಡೆ ನೋಡಿದೆ. ಮಾದೇವ ಎಲ್ಲೂ ಕಾಣಲಿಲ್ಲ. ಅವನು ಹೋದನೆಂದೇ — ಅವನು ಇನ್ನು ಬರುವುದಿಲ್ಲವೆಂದೇ ನನಗನ್ನಿಸಿತು. ಶಾಲು ಬೆಚ್ಚಗಿತ್ತು.

"ಹೌದು ಸ್ವಾಮಿ" ಎಂದೆ.

ಮಾದೇವ ಸಾಯಲಿಲ್ಲ. ಹೊತ್ತು ಏರಿದ ಮೇಲೆ, ದಡದ ಮರದ ಬೇರಿಗೆ ಜೋತುಬಿದ್ದಿದ್ದವನನ್ನು ಬೆಸ್ತರು ಎಳೆದು ತಂದು ಛತ್ರದಲ್ಲಿ ಮಲಗಿಸಿದರು. ನಿನ್ನ ಅಜ್ಜಿ ಸಿಕ್ಕಲಿಲ್ಲ. ಮಾದೇವ ಕಣ್ಣು ಬಿಟ್ಟಾಗ ನಾನು ಪಕ್ಕದಲ್ಲಿದ್ದೆ, ಶಾಲು ನನ್ನ ಹೆಗಲ ಮೇಲೆ. "ಮಗ?" ಎಂದ. ಬದುಕಿದೆ ಎಂದೆ. ಗೋಡೆಯ ಕಡೆ ತಿರುಗಿ ಅತ್ತ. ಸುತ್ತ ನಿಂತವರು, ಸೀರೆ ಉಡುವವನು ಹೆದರಿ ಅಳುತ್ತಿದ್ದಾನೆ ಅಂದರು.

ಕಥೆ ಊರಿಂದ ಊರಿಗೆ ಬೆಳೆಯಿತು. ಮಗುವನ್ನೂ ಉಳಿಸಿದೆ, ಮುಳುಗುತ್ತಿದ್ದ ಮಾದೇವನನ್ನೂ ಉಳಿಸಿದೆ ಎಂದಾಯಿತು. ಅಮಲ್ದಾರರು ಕಚೇರಿಯಲ್ಲಿ ಗುಮಾಸ್ತೆಯ ಕೆಲಸ ಕೊಡಿಸಿದರು. ನಿನ್ನ ತಂದೆ ಹಣ್ಣು ಕಾಯಿ ಹೊತ್ತು ಬಂದು ನನ್ನನ್ನು ಮನೆಮಗನೆಂದರು.

ಅಷ್ಟರಲ್ಲಿ ಮೂಗೂರಿನಿಂದ ಒಬ್ಬ ಹಿರಿಯರು ಕಚೇರಿಗೆ ನನ್ನನ್ನು ಹುಡುಕಿಕೊಂಡು ಬಂದರು. ಅವರ ಮಗಳಿಗೂ ಮಾದೇವನಿಗೂ ಮದುವೆಯ ಮಾತಾಗಿತ್ತು. ಆ ಹುಡುಗಿಯ ವಿಷಯ ಮಾದೇವ ನನಗೆ ಮಂಡಿಯಲ್ಲಿ ನಾಚಿಕೊಂಡು ಹೇಳಿದ್ದ.

"ಸೀರೆ ಉಡೋನು, ಇನ್ನೊಬ್ರು ಎಳ್ಕೊಂಡು ಬಂದೋನು ಅಂತ ಜನ ಆಡ್ಕೊಂಡ್ರು. ಕೇಳಿದ್ದಕ್ಕೆ, ಮಗಾನ ಎತ್ತಿದ್ದು ನಾನೇ ಅಂದ. ಊರೆಲ್ಲ ನಿಮ್ಮೆಸರು ಏಳ್ತದೆ. ಯಾವ್ದು ದಿಟ, ನೀವೇ ಏಳಿ" ಎಂದರು.

ಬೇರೆ ಯಾರೂ ಅಲ್ಲಿರಲಿಲ್ಲ. ಒಂದು ಮಾತು ಸಾಕಾಗಿತ್ತು. ನಾನು ಮೆಲ್ಲಗೆ, ಕನಿಕರ ಪಡುವವನ ಹಾಗೆ ಹೇಳಿದೆ: "ಅವನಿಗೆ ಅವತ್ತು ಪ್ರಜ್ಞೆ ಇರಲಿಲ್ಲ. ಏನೋ ನೆನಪು ಏರುಪೇರಾಗಿರಬೇಕು."

"ಸುಳ್ಳೇಳೋನ್ಗೆ ಎಂಗೆ ಎಣ್ಣು ಕೊಡಾದು" ಎಂದು ಅವರು ಎದ್ದು ಹೋದರು. ಮದುವೆ ಮುರಿಯಿತು. ಮಾದೇವ ಮತ್ತೆ ಮಂಡಿಗೆ ಬರಲಿಲ್ಲ. ಹಾಡುವುದನ್ನೂ ಬಿಟ್ಟ ಎಂದು ಕೇಳಿದೆ.

ಮುಂದೆ ಕಚೇರಿಯಲ್ಲಿ ನಾನು ಇಂಗ್ಲಿಷ್ ಕಲಿತೆ. ನಮ್ಮಲ್ಲಿ ನಾಟಕದ ನಾಯಕನಿಗೆ ಒಂದು ಮಾತು, ವೀರನಿಗೆ ಇನ್ನೊಂದು ಮಾತು ಇದೆ. ಅವರದು ಎರಡಕ್ಕೂ ಒಂದೇ. ಹಾಗಾಗಿಯೇ ಎಡವಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಒಮ್ಮೆ ಒಬ್ಬ ಅಧಿಕಾರಿಯ ಜೊತೆ ದೇವನೂರಿನ ಕಡೆ ಹೋಗಿದ್ದಾಗ, ಹೊಲದ ಬದುವಿನಲ್ಲಿದ್ದ ವೀರಗಲ್ಲನ್ನು ತೋರಿಸಿ ಅವರು ಅದಕ್ಕೂ ಹೀರೋ ಎಂಬ ಮಾತನ್ನೇ ಬಳಸಿದರು. ಯಾರದೋ ದನಗಳನ್ನು ಬಿಡಿಸಲು ಹೋಗಿ ಸತ್ತ ಯಾವನೋ ರೈತ. ಅವನ ಹೆಸರೂ ಕಲ್ಲಿನಲ್ಲಿ ಸವೆದುಹೋಗಿತ್ತು. ಗಾಡಿಯಲ್ಲಿ ಹಿಂದಿರುಗುವಾಗ ನಾನು ಆ ಕಲ್ಲು ಕಾಣುವವರೆಗೂ ತಿರುಗಿ ನೋಡುತ್ತಿದ್ದೆ. ಆದರೂ — ಆಗಲೂ ಹೇಳಲಿಲ್ಲ.

ನಿನ್ನ ಮಗನ ಮದುವೆ ಮುಗಿಸಿದವನು ನೇರವಾಗಿ ಹದಿನಾರಿಗೆ ಹೋದೆ. ಮಾದೇವ ತಡವಾಗಿ ಮದುವೆಯಾದವನು, ಹೆಂಡತಿ ಈಗಿಲ್ಲ. ಕಣದಲ್ಲಿ ಹುರುಳಿ ಕೇರುತ್ತಿದ್ದ. ನನ್ನನ್ನು ಕಂಡು ಮೊರ ಕೆಳಗಿಟ್ಟ. ನಾನು ಮಾತು ಶುರು ಮಾಡುತ್ತಿದ್ದಂತೆಯೇ ತಡೆದ.

"ಬುಡು ಶಾಂತಣ್ಣ. ನಂಗೇಳಿ ಏನಾಯ್ತದೆ? ನಂಗೊತ್ತಿಲ್ವಾ. ಗೊತ್ತಿಲ್ದೋರ್ಗೆ ಏಳು."

ಮೊರವನ್ನು ಮತ್ತೆ ಕೈಗೆತ್ತಿಕೊಂಡು ಹೇಳಿದ: "ಆ ಅಜ್ಜಿ ಕೈ ಸಿಕ್ಕಿತ್ತು ಕಣಣ್ಣ. ಇಡ್ದಿದ್ದೆ. ಜಾರೋಯ್ತು. ಇವತ್ಗೂ ಇದ್ನ ಯಾರ್ಗೂ ಏಳಿಲ್ಲ."

ಅವನು ಹೇಳುವುದಾದರೂ ಹೇಗೆ ಪುಟ್ಟತಾಯಿ? ಅವನು ನೀರಿಗೆ ಹಾರಿದ್ದನೆಂದೇ ಯಾರೂ ನಂಬದಂತೆ ನಾನು ಮಾಡಿದ್ದೆ. ಮಗುವನ್ನು ಉಳಿಸಿದೆಯಲ್ಲ ಎಂದು ಒಬ್ಬರಾದರೂ ಅವನ ಬೆನ್ನು ತಟ್ಟಿದ್ದರೆ, ಆ ಜಾರಿದ ಕೈಯ ನೆನಪು ಒಂದಿಷ್ಟು ಹಗುರವಾಗುತ್ತಿತ್ತೋ ಏನೋ. ನಾನು ಕಿತ್ತುಕೊಂಡದ್ದು ಶಾಲನ್ನಲ್ಲ, ಕೆಲಸವನ್ನಲ್ಲ — ಅದನ್ನು.

ಹೊರಡುವಾಗ ಅವನು ಕೇಳಿದ: "ಆ ಮಗೀಗೆ ಕಿವಿ ಚೆನ್ನಾಗಿ ಕೇಳ್ತದಾ? ಅವತ್ತು ಕಿವೀಗೆಲ್ಲ ನೀರ್ ಓಗಿತ್ತು."

ಕೇಳುತ್ತದೆ ಎಂದೆ. ತಲೆಯಾಡಿಸಿದ.

ನಾಡಿದ್ದು ಸೋಮವಾರ ನಿಮ್ಮ ಮನೆಗೆ ಬರುತ್ತೇನೆ. ನಿನ್ನ ಗಂಡನಿಗೆ, ಮಕ್ಕಳಿಗೆ, ಹೊಸ ಸೊಸೆಗೆ ಇದನ್ನೇ ಬಾಯಿಬಿಟ್ಟು ಹೇಳುತ್ತೇನೆ. ಹೇಳುವವರೆಗೆ ನಿಮ್ಮ ಹೊಸ್ತಿಲು ದಾಟುವುದಿಲ್ಲ. ಹೇಳಿದ ಮೇಲೆ ಒಳಗೆ ಕರೆಯುವುದೂ ಬಿಡುವುದೂ ನಿನಗೆ ಸೇರಿದ್ದು. ಹದಿನಾರಿಗೆ ಗಾಡಿ ಕಟ್ಟಿಸುವೆಯಾದರೆ ದಾರಿ ತೋರಿಸಲು ಮುಂದೆ ನಡೆದು ಬರುತ್ತೇನೆ.