ಎರಡು ಬಿರಡೆಗೆ ಒಪ್ಪಿದ ಶ್ರುತಿ

೧೯೯೪ರಲ್ಲಿ ನಾನು ಶಾಲೆ ಬಿಟ್ಟೆ. ಮಂಗಳೂರಿನಲ್ಲಿ, ಒಂಬತ್ತನೆಯ ತರಗತಿಯ ನಡುವೆ. ಯಾರೂ ಬಿಡಿಸಲಿಲ್ಲ, ಟೈಲ್ಸ್ ಕೆಲಸ ಸಿಕ್ಕಿತು, ಹೋದೆ. ಆಮೇಲೆ ಕಲಿತದ್ದೆಲ್ಲ ಕೈಯಿಂದ. ಗಿಟಾರೂ ಹಾಗೆಯೇ. ಚರ್ಚಿನ ಮೂಲೆಯಲ್ಲಿದ್ದ ಹಳೆಯ ಗಿಟಾರಿನ ತಂತಿ ಬಿಗಿಯುವ ಎರಡು ಬಿರಡೆಗಳು ತುಕ್ಕು ಹಿಡಿದು ತಿರುಗುತ್ತಿರಲಿಲ್ಲ. ಉಳಿದ ನಾಲ್ಕು ತಂತಿಗಳನ್ನು ಆ ಎರಡಕ್ಕೆ ಒಪ್ಪುವಂತೆ ಬಿಗಿದುಕೊಂಡೆ. ಲೋಕದ ಗಿಟಾರುಗಳು ಬೇರೆ ಶ್ರುತಿಯಲ್ಲಿರುತ್ತವೆ ಎಂದು ತಿಳಿಯುವಷ್ಟರಲ್ಲಿ ಹತ್ತು ಹಾಡುಗಳು ನನ್ನ ಶ್ರುತಿಯ ಮೇಲೆ ನಿಂತಾಗಿತ್ತು.

ಈಗ ಸಿಡ್ನಿಯಲ್ಲಿ ವಾರಕ್ಕೆ ಐದು ದಿನ ಬಾತ್‌ರೂಮುಗಳಿಗೆ ಟೈಲ್ಸ್ ಕೂರಿಸುತ್ತೇನೆ, ಶನಿವಾರ ಹಾಡುತ್ತೇನೆ. ಹಾಡು ನನ್ನದೇ, ಇಂಗ್ಲಿಷಿನಲ್ಲಿ. ಕಟ್ಟಡ ಕೆಲಸದ ಸೈಟಿನಲ್ಲಿ ಕಲಿತ ಇಂಗ್ಲಿಷು. ಕಂಪನಿಯಿಲ್ಲ, ಮ್ಯಾನೇಜರಿಲ್ಲ. ಮೂರು ಆಲ್ಬಮ್‌ಗಳನ್ನೂ ಹ್ಯಾರಿಸ್ ಪಾರ್ಕಿನ ಬಾಡಿಗೆ ಮನೆಯಲ್ಲಿ, ಬಟ್ಟೆಯ ಕಪಾಟಿನೊಳಗೆ ಹೊರಗಿನ ಸದ್ದು ಬಾರದಂತೆ ಕೋಟುಗಳ ನಡುವೆ ಕೂತು ರೆಕಾರ್ಡ್ ಮಾಡಿದ್ದೇನೆ. ನಮ್ಮವರ ಕೂಟಗಳಲ್ಲಿ ಎರಡು ಹಾಡು ಮುಗಿಯುವುದರೊಳಗೆ "ಅಂಕಲ್, ಒಂದು ಸಿನಿಮಾ ಹಾಡು" ಎಂದು ಶುರುವಾಗುತ್ತದೆ. ನಾನು ಇಲ್ಲ ಎನ್ನುತ್ತೇನೆ. ಅವರು ಊಟಕ್ಕೆ ಏಳುತ್ತಾರೆ.

ಹೋದ ಚಳಿಗಾಲದಲ್ಲಿ ಎಡಭುಜ ಎತ್ತಲಾಗದೆ ಹೋಯಿತು. "ಟೈಲ್ಸಿಗೂ ಅದೇ ಭುಜ, ಹಾಡಿಗೂ ಅದೇ ಭುಜ. ಒಂದನ್ನಾದ್ರೂ ಬಿಡಿ," ಎಂದಳು ಹೆಂಡತಿ. ಮೆಲ್ಬರ್ನಿನಲ್ಲಿ ಒಂದು ಬುಕಿಂಗ್ ಉಳಿದಿತ್ತು. ಅಲ್ಲಿ ಒಬ್ಬರಾದರೂ ನನ್ನ ಹಾಡುಗಳನ್ನು ಕೊನೆಯವರೆಗೆ ಕೂತು ಕೇಳದಿದ್ದರೆ ಗಿಟಾರು ಮಾರಿಬಿಡುತ್ತೇನೆ ಎಂದೆ. ಸುಮ್ಮನೆ ಹೇಳಿದ ಮಾತಲ್ಲ. ದಣಿದಿದ್ದೆ.

ಶುಕ್ರವಾರ ರಜೆ ಹಾಕಿ ಇಡೀ ದಿನ ಕಾರು ಓಡಿಸಿದೆ. ಮರುದಿನ ಸಂಜೆ ಮೆಲ್ಬರ್ನಿನ ಅಂಚಿನ ಕ್ರಾನ್‌ಬರ್ನ್‌ನಲ್ಲಿ, ಊರಿನವರೊಬ್ಬರ ಗ್ಯಾರೇಜಿನಲ್ಲಿ ಇಪ್ಪತ್ತು ಕುರ್ಚಿ ಹಾಕಿದ್ದರು. ಗಿಟಾರನ್ನು ಶ್ರುತಿ ಮಾಡಿ ಗೋಡೆಗೆ ಒರಗಿಸಿ ಮುಖ ತೊಳೆಯಲು ಹೋದೆ. ಬಂದು ನೋಡಿದರೆ, ಮೊದಲ ಸಾಲಿನಲ್ಲಿ ಆ ಮನೆಯ ಯಜಮಾನರ ಮಾವ, ಊರಿನಲ್ಲಿ ಮೂವತ್ತು ವರ್ಷ ಚರ್ಚಿನ ಹಾಡುಗಾರರನ್ನು ತಿದ್ದಿದವರು, ನಗುತ್ತ ಕೂತಿದ್ದರು.

"ನಿನ್ನ ಗಿಟಾರು ಪೂರಾ ತಪ್ಪಿತ್ತು ಮಾರಾಯ. ದಾರಿಯಲ್ಲಿ ಅಲ್ಲಾಡಿರ್ಬೇಕು. ಸರಿ ಮಾಡಿಟ್ಟಿದ್ದೇನೆ."

ಮೀಟಿ ನೋಡಿದೆ. ಆರೂ ತಂತಿಗಳು ಪುಸ್ತಕದಲ್ಲಿ ಹೇಳಿದ ಹಾಗೆಯೇ ಇದ್ದವು. ಆ ಶ್ರುತಿಯಲ್ಲಿ ನನಗೆ ಒಂದು ಹಾಡೂ ಬರುವುದಿಲ್ಲ. ಇದನ್ನು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಸಿನಿಮಾ ಹಾಡು ಬೇಡ ಎನ್ನುತ್ತಿದ್ದುದು ಬರೀ ಸ್ವಾಭಿಮಾನದಿಂದಲ್ಲ.

"ಟ್ಯೂನಿಂಗ್ ಆಯ್ತಲ್ಲ ಗುರು, ಸ್ಟಾರ್ಟ್ ಮಾಡಿ!" ಹಿಂದಿನಿಂದ ಒಬ್ಬ ಬೆಂಗಳೂರಿನವನು ಕೂಗಿದ. "ಹಳೇ ಸಿನಿಮಾದಿಂದ ಒಂದು!"

ನಾನು ಕೂತು ಬಿರಡೆ ಸಡಿಲಿಸತೊಡಗಿದೆ.

"ಅಯ್ಯೋ, ಪುನಃ ಹಾಳು ಮಾಡ್ತೀಯಲ್ಲ!" ಎಂದರು ಮಾವ.

"ಬಿಡಿ ಅಂಕಲ್, ಅದು ಸಿಡ್ನಿ ಶ್ರುತಿ," ಎಂದ ಬೆಂಗಳೂರಿನವನು. ಗ್ಯಾರೇಜು ನಕ್ಕಿತು.

"ನಿಮ್ಮ ಶ್ರುತಿ ನನಗೆ ಬರೂದಿಲ್ಲ," ಎಂದೆ. "ಕಲಿಸಿದವರಿಲ್ಲ. ಇದನ್ನು ನಾನೇ ಕಟ್ಟಿದ್ದು. ಇದೊಂದೇ ಬರೂದು." ತಲೆ ತಗ್ಗಿಸಲಿಲ್ಲ. ಒಂದೊಂದು ಸ್ವರ ಗುನುಗಿಕೊಂಡು, ಎಲ್ಲರೂ ನೋಡುತ್ತಿರುವಂತೆಯೇ, ಆರು ತಂತಿಗಳನ್ನೂ ನಿಧಾನವಾಗಿ ನನ್ನ ಶ್ರುತಿಗೆ ಮರಳಿ ತಂದೆ.

ಐದನೆಯ ಹಾಡಿಗೆ ಒಳಗಿನಿಂದ ಬಿರಿಯಾನಿಯ ಪರಿಮಳ ಬಂತು, ಕುರ್ಚಿಗಳು ಖಾಲಿಯಾಗತೊಡಗಿದವು. ಹನ್ನೆರಡನೆಯ, ಕೊನೆಯ ಹಾಡು ಮುಗಿಸಿ ತಲೆ ಎತ್ತಿದಾಗ ಆರು ಜನ ಇದ್ದರು. ಮಾವ ಕೈಕಟ್ಟಿ, ಹುಬ್ಬು ಗಂಟಿಕ್ಕಿ ಅಲ್ಲೇ ಕೂತಿದ್ದರು.

"ಹಾಡು ನನಗೆ ಹಿಡಿಸ್ಲಿಲ್ಲ," ಎಂದರು. "ಅರ್ಧ ಇಂಗ್ಲಿಷು ತಲೆಗೇ ಹೋಗ್ಲಿಲ್ಲ. ಆದ್ರೆ ಶ್ರುತಿ ತಪ್ಪಿಲ್ಲ. ತಪ್ಪಿದ್ದು ನಾನು. ಎಲ್ಲಿ, ಒಂದೊಂದೇ ತಂತಿ ಮೀಟು." ಊಟದ ಪೇಪರ್ ನ್ಯಾಪ್ಕಿನ್ನಿನ ಮೇಲೆ ಆರು ಸ್ವರಗಳ ಹೆಸರು ಬರೆದು ಕೊಟ್ಟರು. ಇಷ್ಟು ವರ್ಷ ನುಡಿಸಿದ್ದರ ಹೆಸರು ನನಗೆ ಗೊತ್ತಾದದ್ದು ಆಗ.

ಗಿಟಾರು ಮಾರಲಿಲ್ಲ. ಹೆಂಡತಿ ಭುಜಕ್ಕೆ ಎಣ್ಣೆ ಬಿಸಿ ಮಾಡಿದಳು.

ಈಗ ಇರುವುದು: ಒಂದು ಗಿಟಾರು, ನಲವತ್ತೊಂದು ಹಾಡು, ಮೂರು ಆಲ್ಬಮ್, ಏಳದ ಒಂದು ಭುಜ, ಒಂದು ನ್ಯಾಪ್ಕಿನ್, ಮುಂದಿನ ತಿಂಗಳು ಇಲ್ಲೇ ಸಿಡ್ನಿಯ ಎಪ್ಪಿಂಗ್‌ನಲ್ಲಿ ಒಂದು ಬುಕಿಂಗ್.