ಜರ್ಮನಿ ಕಾಕಾ ಕಟ್ಟಿದ ಎರಡನೆಯ ಪೊಟ್ಟಣ

ಮಗಳ ಶಾಲೆಯನ್ನು ಜರ್ಮನಿ ಕಾಕಾ ತಾವೇ ಬಿಡಿಸಿದರು ಎಂದು ಗಜೇಂದ್ರಗಡದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಮ್ಮಪ್ಪನೂ ಹಾಗೇ ಹೇಳುತ್ತಾರೆ, ಅದೂ ಊಟದ ನಡುವೆ, ತೀರ್ಪು ಓದಿದ ಹಾಗೆ. ಸಭೆಯಲ್ಲಿ ಜರ್ಮನಿಯ ಶಾಲೆಗಳನ್ನು ಹೊಗಳಿದವರು ಅವರೇ, ಆ ಹೊಗಳಿಕೆ ಕೇಳಿಯೇ ಇಂಗ್ಲಿಷ್ ಶಾಲೆಯ ಕಮಿಟಿಯವರು ಮಕ್ಕಳನ್ನು ಆರಿಸಲು ಹೊರಟದ್ದು, ಆ ಆರಿಸುವಿಕೆಯಲ್ಲಿ ಅವರ ಮಗಳೇ ಹೊರಗೆ ಉಳಿದದ್ದು. ಕೇಳುವುದಕ್ಕೆ ಎಲ್ಲ ಸರಿಯಾಗಿಯೇ ಕೂಡುತ್ತದೆ. ಇಷ್ಟು ಸರಿಯಾಗಿ ಕೂಡಿಬರುವ ಮಾತಿನ ಮೇಲೆ ನನಗೆ ಮೊದಲಿನಿಂದಲೂ ಸಂಶಯ. ಆ ಸಭೆಯಲ್ಲಿ ನಾನೂ ಇದ್ದೆ. ಅವರು ಹೊಗಳಲಿಲ್ಲ. ಅಲ್ಲಿ ಏನಿತ್ತೋ ಅದನ್ನು ಹೇಳಿದರು. ಪೂರ್ತಿ ಹೇಳಲಿಲ್ಲ ಎನ್ನುವುದು ಬೇರೆ ಮಾತು. ನಾನು ಬರೆಯಲು ಕೂತದ್ದು ಆ ಬೇರೆ ಮಾತಿನ ಸಲುವಾಗಿಯೇ.

ಮೊನ್ನೆ ಧಾರವಾಡದಲ್ಲಿ ಕಾಲೇಜಿನಿಂದ ಬರುವಾಗ ಒಂದು ಓಣಿಯಲ್ಲಿ ಕಾದ ಉಸುಕಿನ ವಾಸನೆ ಬಂತು. ಚುರಮುರಿ ಭಟ್ಟಿಯ ವಾಸನೆ. ಅಕ್ಕಿ ಅರಳುವ ಮೊದಲು ಬರೀ ಸುಟ್ಟ ಮಣ್ಣಿನ ಘಾಟು, ಅರಳತೊಡಗಿದ ಮೇಲೆ ಅದರೊಳಗೆ ಎಲ್ಲಿಂದಲೋ ಒಂದಿಷ್ಟು ಸಿಹಿ ಬಂದು ಸೇರುತ್ತದೆ. ಗೆಳತಿಯರು ಮಾತಾಡುತ್ತ ಮುಂದೆ ಹೋದರು. ನನಗೆ ಕಾಲು ಮುಂದಕ್ಕೆ ಬರಲಿಲ್ಲ...

ಗಜೇಂದ್ರಗಡದಲ್ಲಿ ಕಾಳುಕಡಿ ದಲಾಲಿಯ ನಮ್ಮ ಅಡತಿ ಅಂಗಡಿಯ ಎದುರಿಗೇ ಅವರ ಚುರಮುರಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಭಟ್ಟಿ, ಭಟ್ಟಿಗೆ ಹತ್ತಿಕೊಂಡು ಮನೆ. ಊರಿಗೆಲ್ಲ ಅವರು ಜರ್ಮನಿ ಕಾಕಾ. ಪರವೂರಿನವರು ಈ ಹೆಸರು ಕೇಳಿ ದೊಡ್ಡ ಓದು ಓದಿ ಬಂದವರೇನೋ ಎಂದುಕೊಳ್ಳುತ್ತಿದ್ದರು. ಕಾಕಾ ಹೋದದ್ದು ಎರಡನೆಯ ಮಹಾಯುದ್ಧಕ್ಕೆ, ಬಂದೂಕು ಹಿಡಿದು. ಬೆಳಗಾವಿಗೆ ಹೋಗಿ ಪಲ್ಟನ್ ಸೇರಿದರು, ಮರುಭೂಮಿಯಲ್ಲಿ ಸೆರೆ ಸಿಕ್ಕರು, ಅಲ್ಲಿಂದ ಅವರನ್ನು ಜರ್ಮನಿಗೆ ಒಯ್ದರು. ಒಬ್ಬ ರೈತನ ಮನೆಯ ಕೊಟ್ಟಿಗೆಯಲ್ಲಿ ಶೆಗಣಿ ಬಾಚುವ ಕೈದಿಯಾಗಿ ಯುದ್ಧ ಮುಗಿಯುವ ತನಕ ಇದ್ದರು. ಊರಿಗೆ ಮರಳಿದಾಗ ಹೆಂಡತಿ ತೀರಿಕೊಂಡಿದ್ದರು. ಆ ಸುದ್ದಿ ಅವರಿಗೆ ಮುಟ್ಟಿರಲೇ ಇಲ್ಲ. ಕೂಸಾಗಿದ್ದಾಗ ಬಿಟ್ಟುಹೋಗಿದ್ದ ಮಗಳು ಶಾಂತವ್ವ ಶಾಲೆಗೆ ಹೋಗುವಷ್ಟು ಎತ್ತರವಾಗಿದ್ದಳು. ಅಪ್ಪನನ್ನು ಕಂಡು ಅಜ್ಜಿಯ ಸೆರಗಿನ ಹಿಂದೆ ಅಡಗಿಕೊಂಡಳಂತೆ.

ಮೊದಮೊದಲು ಓಣಿಯ ಗಂಡಸರು ಸಂಜೆ ಅವರ ಅಂಗಡಿಯ ಕಟ್ಟೆಗೆ ಬಂದು ಕೂಡುತ್ತಿದ್ದರಂತೆ. ಅವರಿಗೆ ಬೇಕಾದದ್ದು ತೋಪು, ವಿಮಾನ, ಬಿಳಿ ಹೆಂಗಸರು. ಕಾಕಾ ಅಲ್ಲಿ ಹೆಚ್ಚಾಗಿ ನೋಡಿದ್ದು ಆಕಳು, ಮತ್ತು ಕೊಟ್ಟಿಗೆಯ ಬೇಲಿಯಾಚೆ ಇದ್ದ ಒಂದು ಶಾಲೆ. ಹೀಗಾಗಿ ಶಾಲೆಯ ಮಾತೇ ತೆಗೆಯುತ್ತಿದ್ದರು. "ಕಾಕಾ ಸಾಲಿಗೆ ಹೊಂಟ್ರು, ಏಳ್ರಪಾ, ನಾವ ಮನೀಗ್ಹೋಗೂಣು" ಎಂದು ಒಬ್ಬ ಎದ್ದರೆ ಉಳಿದವರೂ ಧೋತರ ಝಾಡಿಸಿಕೊಂಡು ಏಳುತ್ತಿದ್ದರು. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಆ ಕಟ್ಟೆ ಖಾಲಿಯಾಗಿತ್ತು. ಗಿರಾಕಿಗಳು ಬರುತ್ತಿದ್ದರು, ನಿಂತೇ ಕೊಂಡು ಹೋಗುತ್ತಿದ್ದರು. ಕೂತು ಕೇಳುತ್ತಿದ್ದವಳು ನಾನೊಬ್ಬಳೇ. ಕೇಳುತ್ತಿದ್ದೆ ಎನ್ನುವುದೂ ತಪ್ಪು, ವಾದಿಸುತ್ತಿದ್ದೆ.

ಆ ದೇಶದಲ್ಲಿ ಮಗು ಮೊದಲ ದಿನ ಶಾಲೆಗೆ ಹೋಗುವಾಗ ಅದರ ಕೈಗೆ ಒಂದು ದೊಡ್ಡ ಕಾಗದದ ಪೊಟ್ಟಣ ಕೊಡುತ್ತಾರೆ ಎಂದು ಅವರು ಹೇಳುತ್ತಿದ್ದರು. ಮೇಲೆ ಅಗಲ, ಕೆಳಗೆ ಚೂಪು, ಮಗುವಿನ ಎದೆಗಿಂತ ಎತ್ತರ, ಒಳಗೆಲ್ಲ ಮಿಠಾಯಿ. ಯುದ್ಧದ ಕಾಲದಲ್ಲಿ ಮಿಠಾಯಿ ಎಲ್ಲಿಂದ ಬರಬೇಕು? ಕೆಳಗೆ ಬಟಾಟಿ ತುಂಬಿ, ಮೇಲೆ ಕಾಣುವಷ್ಟು ಮಾತ್ರ ಸಿಹಿ ಇಡುತ್ತಿದ್ದರಂತೆ. ಶಾಂತವ್ವ ಶಾಲೆ ಸೇರುವ ದಿನ ಕಾಕಾ ಅಂಥದೇ ಒಂದು ಪೊಟ್ಟಣವನ್ನು ಗಾಳಿಪಟದ ಬಣ್ಣದ ಕಾಗದದಲ್ಲಿ ಕಟ್ಟಿದರು. ಚುರಮುರಿ, ಪುಠಾಣಿ, ಬೆಲ್ಲದ ಚೂರು, ತುದಿಯ ತನಕ. ಅಜ್ಜಿಯ ಸೆರಗು ಬಿಟ್ಟು ಅವಳು ಅಪ್ಪನ ಹತ್ತಿರ ಬಂದದ್ದು ಅವತ್ತೇ. ಅದೇ ದಿನ ಶಾಲೆ ಸೇರಿದ ನನಗೂ ಒಂದು ಸಿಕ್ಕಿತು. ಆಮೇಲೆ ಓಣಿಯ ಎಲ್ಲ ಮಕ್ಕಳಿಗೂ ಅದು ಪದ್ಧತಿಯೇ ಆಯಿತು. ಶಾಂತವ್ವನಿಗೆ ಮಾತ್ರ ಇನ್ನೊಂದು ಮಾತು ಕೊಟ್ಟಿದ್ದರು: ಇಂಗ್ಲಿಷ್ ಶಾಲೆಗೆ ಹೋಗುವ ದಿನ ಎರಡನೆಯ ಪೊಟ್ಟಣ.

ಆಗ ನಮ್ಮದಿನ್ನೂ ಮುಂಬಯಿ ರಾಜ್ಯ. ನಾಲ್ಕನೆಯ ಇಯತ್ತೆ ಮುಗಿದ ಮೇಲೆ ದಾರಿ ಕವಲೊಡೆಯುತ್ತಿತ್ತು. ಕನ್ನಡ ಶಾಲೆಯಲ್ಲೇ ಮುಂದುವರಿದು ಏಳನೆಯದಕ್ಕೆ ಮುಲ್ಕಿ ಪರೀಕ್ಷೆ ಕಟ್ಟಬೇಕು, ಇಲ್ಲವೇ ಇಂಗ್ಲಿಷ್ ಶಾಲೆ ಸೇರಿ ಮ್ಯಾಟ್ರಿಕ್ಕಿನ ಕಡೆ ನಡೆಯಬೇಕು. ಜರ್ಮನಿಯಲ್ಲೂ ಅದೇ ವಯಸ್ಸಿಗೆ ದಾರಿ ಒಡೆಯುತ್ತದೆ ಎಂದು ಕಾಕಾ ಜರಡಿ ಹಿಡಿದುಕೊಂಡೇ ಹೇಳುತ್ತಿದ್ದರು. ಭಟ್ಟಿಯಿಂದ ತೆಗೆದ ಚುರಮುರಿಯನ್ನು ಜರಡಿಗೆ ಹಾಕಿ ಅಲ್ಲಾಡಿಸಿದರೆ ಉಸುಕೂ ಅರಳದ ಕಾಳೂ ಕೆಳಗೆ ಬೀಳುತ್ತಿದ್ದವು.

"ನಾಕು ವರ್ಷ ಎಲ್ಲಾ ಹುಡುಗೂರೂ ಕೂಡೇ ಕುಂದರ್ತಾರ ತಂಗಿ. ಹತ್ತನೇ ವರ್ಷಕ್ಕ ಮಾಸ್ತರ ಹಿಂಗ ಜರಡಿ ಹಿಡೀತಾನ. ಒಂದೀಟು ಮಂದಿ ಪ್ಯಾಟಿ ದೊಡ್ಡ ಸಾಲಿಗೆ, ಅಲ್ಲಿಂದ ಕಾಲೇಜಿಗೆ. ಒಂದೀಟು ನಡುವಿನ ಸಾಲಿಗೆ, ಅಲ್ಲಿಂದ ಕಚೇರಿ ಕೆಲಸಕ್ಕ. ಉಳದಾವ್ರು ಹಳ್ಳಿ ಸಾಲ್ಯಾಗ ಹದಿನಾಕರ ತನಕ ಇದ್ದು, ಆಮ್ಯಾಲ ಬಡಿಗ್ಯಾನ ಕೈಯಾಗ, ಕಮ್ಮಾರನ ಕೈಯಾಗ, ಬ್ರೆಡ್ ಸುಡಾವನ ಕೈಯಾಗ ಕೆಲಸ ಕಲೀತಾರ. ಜೋಡಿಗೆ ವಾರದಾಗ ಒಂದ ದಿನ ಕಸಬಿನ ಸಾಲಿ. ಕಡೀಕ ಪರೀಕ್ಷಾ. ಅದು ಪಾಸಾಗದ ಬ್ರೆಡ್ಡಿನ ಅಂಗಡಿ ತಗಿಯೂಹಂಗಿಲ್ಲ."

"ರೊಟ್ಟಿಗೂ ಪರೀಕ್ಷಾ ಏನ್ರಿ ಕಾಕಾ?"

"ಹೂಂ. ನಮ್ಮವ್ವ ಅಲ್ಲಿದ್ರ ನಾಪಾಸ ಆಕ್ಕಿದ್ಲು."

ಒಳಗಿನಿಂದ ಅಜ್ಜಿಯ ದನಿ: "ಆ ನಾಪಾಸ ರೊಟ್ಟಿ ತಿಂದ ಇಷ್ಟ ಉದ್ದ ಆಗಿಯೋ ಭಾಡ್ಯಾ."

ನನ್ನ ವಾದ ಒಂದೇ ಇತ್ತು. ಹತ್ತು ವರ್ಷದ ಮಗು ಮುಂದೆ ಏನಾಗುತ್ತದೆ ಎಂದು ಮಾಸ್ತರಿಗೆ ಹೇಗೆ ಗೊತ್ತು? ಅರಳದ ಕಾಳನ್ನು ತೋರಿಸಿ ಕೇಳಿದ್ದೆ, "ಇವನ್ನ ಮತ್ತ ಕಾದ ಉಸುಕಿಗೆ ಹಾಕಿದ್ರ?"

"ಕೆಲವು ಅರಳ್ತಾವು."

"ಅಲ್ಲಿ ಮತ್ತ ಹಾಕ್ತಾರೇನ್ರಿ?"

ಕಾಕಾ ಜರಡಿ ನಿಲ್ಲಿಸಿದರು. "ಹಾಕ್ತಿರಬೇಕು. ನಾ ಇದ್ದಲ್ಲಿ ನೋಡ್ಲಿಲ್ಲ" ಎಂದರು. ಆಮೇಲೆ, ನಾನು ಕೇಳದಿದ್ದರೂ, ಅಲ್ಲಿಯ ಒಬ್ಬ ಹುಡುಗಿಯ ಮಾತು ಹೇಳಿದರು.

ಆ ರೈತನ ಮಗಳು ಆಕೆ. ಅಪ್ಪ ಯುದ್ಧಕ್ಕೆ ಹೋಗಿದ್ದ. ಅಣ್ಣ ಆಗಲೇ ಪೇಟೆಯ ಶಾಲೆಯಲ್ಲಿದ್ದ. ಆಕೆಯ ಸರದಿ ಬಂದಾಗ, ಈಕೆ ಹಳ್ಳಿ ಶಾಲೆಯಲ್ಲೇ ಇರಲಿ ಎಂದು ಮಾಸ್ತರು ಹೇಳಿದರು. ತಾಯಿಯೂ ಹೂಂ ಎಂದಳು. ಹುಡುಗಿ ಮನೆಯಲ್ಲಿ ಅಳಲಿಲ್ಲ. ಕೊಟ್ಟಿಗೆಗೆ ಬಂದು, ಹುಲ್ಲಿನ ಹೊರೆಯ ಮೇಲೆ ಕೂತು, ಕಾಕಾ ಶೆಗಣಿ ಬಾಚುತ್ತಿದ್ದಾಗ ಅವರ ಮುಂದೆಯೇ ಅತ್ತಳು. "ನಾ ಅಲ್ಲಿ ಮನಷ್ಯಾ ಅಲ್ಲ ನೋಡು. ಆಕಳ ಹ್ಯಾಂಗೋ ನಾನೂ ಹಂಗ. ಅದಕ್ಕ ನನ್ನ ಮುಂದ ಅತ್ಲು. ನೀ ದೊಡ್ಡಾಂವ ಅದಿ, ನಮ್ಮವ್ವಗ ಹೇಳು ಅಂದ್ಲು. ಕೈದಿ ಏನ ಹೇಳ್ಬೇಕು... ಬಾಚೂದು ನಿಲ್ಲಿಸಿದೆ. ಅಷ್ಟ."

ಮರುದಿನದಿಂದ ಆಕೆ ಬಾತುಗಳನ್ನು ಕಾಯಲು ಹೋಗುವಾಗ ಬೇಲಿಯಾಚೆಯ ಶಾಲೆಯ ಕಡೆ ನೋಡುತ್ತಲೇ ಇರಲಿಲ್ಲವಂತೆ.

ನಾವು ನಾಲ್ಕನೆಯ ಇಯತ್ತೆ ಮುಗಿಸಿದ ಬೇಸಿಗೆಯಲ್ಲಿ ಊರಿನ ಇಂಗ್ಲಿಷ್ ಶಾಲೆಗೆ ಒಂದು ಕೋಣೆ ಕಡಿಮೆ ಬಿತ್ತು. ಸೇರಬೇಕೆನ್ನುವ ಮಕ್ಕಳು ಹೆಚ್ಚಾಗಿದ್ದರು. ಅಲ್ಲಿಯ ತನಕ ಫೀ ಕಟ್ಟಿದವರೆಲ್ಲ ಕೂಡಬಹುದಿತ್ತು. ಈಗ ಏನು ಮಾಡುವುದೆಂದು ಕಮಿಟಿಯ ಹಿರಿಯರು ನಮ್ಮ ಅಂಗಡಿಯ ಪಡಸಾಲೆಯಲ್ಲಿ ಸೇರಿದರು. ನಮ್ಮಪ್ಪ ಆ ಕಮಿಟಿಯಲ್ಲಿ ಒಬ್ಬರು. ನಾನೂ ಶಾಂತವ್ವನೂ ಒಳಬಾಗಿಲಲ್ಲಿ ಹೆಂಗಸರ ಜೊತೆ ಕೂತಿದ್ದೆವು. ಯಾರೋ ಒಬ್ಬರು ಜರ್ಮನಿಯಲ್ಲಿ ಹೇಗೆ ಮಾಡುತ್ತಾರೆ ಕೇಳೋಣ ಎಂದರು. ಎದುರಿನಿಂದ ಕಾಕಾನನ್ನು ಕರೆಸಿದರು.

"ಬರ್ರಿ ಕಾಕಾ, ಇಲ್ಲೆ ಗಾದಿ ಮ್ಯಾಲ ಕೂಡ್ರಿ" ಎಂದರು ಅಪ್ಪ.

ಅವರನ್ನು ಆ ಗಾದಿಯ ಮೇಲೆ ನಾನು ನೋಡಿದ್ದು ಅದೇ ಮೊದಲು. ಕೈಯ ಉಸುಕನ್ನು ಅಂಗಿಗೆ ಒರೆಸಿಕೊಂಡು ತುದಿಯಲ್ಲಿ ಕೂತರು. ತಡವರಿಸುತ್ತ ಶುರು ಮಾಡಿದರು. ಬರುಬರುತ್ತ ಮಾತು ಓಡತೊಡಗಿತು. ಶಾಲೆಯೊಳಗೆ ಚಳಿಗೆ ಒಲೆ ಹಚ್ಚುವುದು, ಮಕ್ಕಳು ಬೆನ್ನಿಗೆ ಕಟ್ಟಿಕೊಳ್ಳುವ ಚರ್ಮದ ಚೀಲ, ಮೊದಲ ದಿನದ ಪೊಟ್ಟಣ, ಮೂರು ದಾರಿ, ಕಸಬಿನ ಶಾಲೆ. ರೊಟ್ಟಿ ಪರೀಕ್ಷೆಗೆ ಪಡಸಾಲೆಯೆಲ್ಲ ನಕ್ಕಿತು. ಯಾರೂ ಆಕಳಿಸಲಿಲ್ಲ. ಧೋತರ ಝಾಡಿಸಿ ಏಳಲಿಲ್ಲ. ನೇಕಾರರ ಹಿರಿಯರೊಬ್ಬರು, "ಅದಕ್ಕ ನೋಡ್ರಿ, ಅವರ ಮಶೀನು ಕೆಡೂದಿಲ್ಲ" ಎಂದರು. ಕಾಕಾನ ಮುಖ ನನಗೆ ಗುರುತೇ ಹತ್ತಲಿಲ್ಲ, ಅಷ್ಟು ಬೆಳಕಿತ್ತು ಅದರಲ್ಲಿ...

ಆಗ ಅಪ್ಪ ಕೇಳಿದರು: "ಅಂದ್ರ ಮಾಸ್ತರ ಆರಿಸಿದ್ರ ಚಲೋ ಅಂತೀರೇನು?"

ಇನ್ನು ಕೊಟ್ಟಿಗೆಯಲ್ಲಿ ಅತ್ತ ಆ ಹುಡುಗಿಯ ಮಾತು ಬರುತ್ತದೆ ಎಂದು ನಾನು ಕಾದೆ. ಕಾಕಾ ನಾವು ಕೂತಿದ್ದ ಒಳಬಾಗಿಲ ಕಡೆ ನೋಡಿದರು, ಮತ್ತೆ ಜನರ ಕಡೆ ನೋಡಿದರು. "ಅಲ್ಲಿ ಹಂಗ ಮಾಡ್ತಾರ್ರಿ" ಎಂದರು. ಅಷ್ಟೇ.

ಅಲ್ಲಿ ಹಾಗೆ ಮಾಡುತ್ತಾರೆ ಎನ್ನುವುದು ಒಂದು ಮಾತು, ನಾವೂ ಹಾಗೆ ಮಾಡಬೇಕು ಎನ್ನುವುದು ಇನ್ನೊಂದು. ನಡುವಿನ ಹಳ್ಳವನ್ನು ಹಾರಿದವರು ಕಮಿಟಿಯವರು, ಕಾಕಾ ಅಲ್ಲ. ಈ ವಾದವನ್ನು ಯಾವ ವೇದಿಕೆಯ ಮೇಲೆ ಬೇಕಾದರೂ ಗೆಲ್ಲಬಲ್ಲೆ. ಅಪ್ಪನ ಮುಂದೆಯೂ ಗೆದ್ದಿದ್ದೇನೆ. ಗೆದ್ದ ಮೇಲೆ ಏನೂ ಉಳಿಯುವುದಿಲ್ಲ, ಅದು ಬೇರೆ.

ಮಾಸ್ತರು ಆರಿಸಿದರು. ನನ್ನ ಹೆಸರಿತ್ತು. ಶಾಂತವ್ವ ಲೆಕ್ಕದಲ್ಲಿ ನಿಧಾನ, ಅವಳದಿರಲಿಲ್ಲ. ಪೊಟ್ಟಣ ಕಟ್ಟಲು ತಂದ ಹಳೆಯ ಪತ್ರಿಕೆಗಳನ್ನು ಕಾಕಾನಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದವಳು ಅವಳು, ಆದರೆ ಓದುವ ದನಿಗೆ ಯಾರೂ ಅಂಕ ಹಾಕಲಿಲ್ಲ. ಕಾಕಾ ಮಾಸ್ತರ ಮನೆಗೆ ಹೋಗಿ ಬಾಗಿಲಲ್ಲಿ ನಿಂತರು. "ನಿಮ್ಮ ಮಾತಿನ ಮ್ಯಾಲ ಮಾಡಿದ್ದಲ್ರಿ ಕಾಕಾ. ಈಗ ನಿಮ್ಮ ಮಗಳನ್ನ ತಗೊಂಡ್ರ ಮಂದಿ ಏನಂದಾರು?" ಎಂದು ಮಾಸ್ತರು ಕೇಳಿದರಂತೆ. ಕಾಕಾ ಚಪ್ಪಲಿ ಮೆಟ್ಟಿ ತಿರುಗಿ ಬಂದರು. ಕನ್ನಡ ಶಾಲೆಯಲ್ಲಿ ಅವಳು ಇನ್ನೊಂದು ವರ್ಷ ಕೂತಳು. ಆಮೇಲೆ ನೇಕಾರರ ಮನೆಗೆ ನೂಲಿನ ಕಂಡಿಕೆ ಸುತ್ತಲು ಹೋಗತೊಡಗಿದಳು.

ಎರಡನೆಯ ಪೊಟ್ಟಣವನ್ನು ಕಾಕಾ ಸಭೆಗಿಂತ ಮೊದಲೇ ಕಟ್ಟಿ ಇಟ್ಟಿದ್ದರು. ಹಸಿರು ಕಾಗದ, ಅಂಚಿಗೆ ಕೆಂಪು ಝಾಲರಿ. ತುಂಬಿರಲಿಲ್ಲ. ಅಂಗಡಿಯ ಜಂತೆಗೆ ತೂಗುಹಾಕಿದ್ದರು. ಅದು ಅಲ್ಲೇ ಉಳಿಯಿತು. ಭಟ್ಟಿಯ ಹೊಗೆಗೆ ಹಸಿರು ಹೋಗಿ ಕಂದಾಯಿತು, ಕಂದು ಹೋಗಿ ಕಪ್ಪಾಯಿತು. ಹೊಸದಾಗಿ ಶಾಲೆ ಸೇರುವ ಮಕ್ಕಳಿಗೆ ಪೊಟ್ಟಣ ಕಟ್ಟುವುದನ್ನೂ ಅವರು ಬಿಟ್ಟರು. ಈಗ ಗಂಡಸರು ತಾವಾಗಿ ಬಂದು "ಕಾಕಾ, ಜರ್ಮನಿ ಸಾಲಿ ಹೇಳ್ರಿ" ಎಂದರೆ, "ಮರ್ತೇನ್ರಿ" ಎಂದು ತಕ್ಕಡಿ ಎತ್ತುತ್ತಿದ್ದರು.

ಊರಿನ ಶಾಲೆ ಮುಗಿಸಿ ನಾನು ಹೈಸ್ಕೂಲಿಗೆ ರೋಣಕ್ಕೆ ಹೋದೆ. ಅಲ್ಲಿಂದ ಒಮ್ಮೆ ನರಗುಂದಕ್ಕೆ ಚರ್ಚಾಸ್ಪರ್ಧೆಗೆ ಕಳಿಸಿದರು. ಎಲ್ಲ ಮಕ್ಕಳಿಗೂ ಒಂದೇ ಥರದ ಓದು ಬೇಕೋ ಬೇಡವೋ ಎನ್ನುವುದು ವಿಷಯ. ಕಾಕಾನ ಜರಡಿಯನ್ನೂ ಅರಳದ ಕಾಳನ್ನೂ ಮುಂದಿಟ್ಟು ವಾದಿಸಿ ಬಹುಮಾನದ ಕಪ್ಪು ಗೆದ್ದೆ. ಊರಿಗೆ ಬಂದವಳು ಮನೆಗೂ ಹೋಗದೆ ಅವರ ಅಂಗಡಿಗೆ ಹೋದೆ. ಅವರು ಕಪ್ಪನ್ನು ತಿರುಗಿಸಿ ನೋಡಿ, "ಹಗರ ಐತಿ" ಎಂದು ನಕ್ಕರು. ನಾನು ಏನೇನು ಹೇಳಿದೆ ಎಂದು ಕೇಳಿದರು, ಹೇಳಿದೆ. ಆಮೇಲೆ ತಡೆಯಲಾಗಲಿಲ್ಲ.

"ಕಾಕಾ, ಆ ಹುಡುಗಿ ಮಾತು ಅವತ್ತ ಯಾಕ ಹೇಳ್ಲಿಲ್ರಿ?"

ಕಟ್ಟೆ ಖಾಲಿಯಿತ್ತು. ಒಳಗೆ ಅಜ್ಜಿಯೂ ಇರಲಿಲ್ಲ, ತೀರಿಕೊಂಡಿದ್ದಳು. ಶಾಂತವ್ವನನ್ನು ಆ ವರ್ಷವೇ ಶಿರೋಳಕ್ಕೆ ಕೊಟ್ಟಿದ್ದರು. ಕಾಕಾ ಒಂದು ಕಾಗದವನ್ನು ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು.

"ಅವತ್ತ ಎಲ್ಲಾರೂ ನನ್ನ ಮಾತು ಕೇಳಾಕತ್ತಿದ್ರವಾ" ಎಂದರು.

ನಾನು ಕಪ್ಪು ಎತ್ತಿಕೊಂಡು ಮನೆಗೆ ಬಂದೆ.

ಅವರು ತೀರಿಕೊಂಡಾಗ ನಾನು ಧಾರವಾಡದಲ್ಲಿದ್ದೆ. ಸುದ್ದಿ ತಡವಾಗಿ ಬಂತು. ಅಂಗಡಿ ಈಗ ಸೈಕಲ್ ಬಾಡಿಗೆಗೆ ಕೊಡುವವನ ಕೈಯಲ್ಲಿದೆ. ಭಟ್ಟಿಯ ಜಾಗದಲ್ಲಿ ಹಳೆಯ ಟಾಯರು ಬಿದ್ದಿವೆ.

ಧಾರವಾಡದ ಆ ಓಣಿಯ ವಾಸನೆ ನನ್ನನ್ನು ಬಿಡಲಿಲ್ಲ. ಮುಂದಿನ ರಜೆಗೆ ಕಾಯದೆ ಶಿರೋಳಕ್ಕೆ ಹೋದೆ. ಶಾಂತವ್ವ ಜೋಳ ಹಸನು ಮಾಡುತ್ತ ಕೂತಿದ್ದಳು. ನನ್ನನ್ನು ಕಂಡು, "ಬಾರಽ ವಕೀಲತಿ, ದಾರಿ ತಪ್ಪಿತೇನ?" ಎಂದಳು. ಚಹಾ ಮಾಡಿದಳು. ಹಸಿರು ಪೊಟ್ಟಣ ಏನಾಯಿತು ಎಂದು ಕೇಳಿದೆ. ಅಂಗಡಿ ಖಾಲಿ ಮಾಡುವಾಗ ಮುಟ್ಟಿದರೆ ಮಸಿಯಾಗಿ ಉದುರಿತಂತೆ, ಗುಡಿಸಿ ಹಾಕಿದರಂತೆ. ಮೊರದಲ್ಲಿ ಕಾಳು ಆಡಿಸಿದಳು. ಆಮೇಲೆ, ಸಿಟ್ಟಿಲ್ಲದೆ, ಯಾರದೋ ಮಾತು ಹೇಳುವ ಹಾಗೆ ಹೇಳಿದಳು: "ಅಪ್ಪಗ ನನಗಿಂತ ಆ ಜರ್ಮನಿ ಸಾಲೀನ ಹೆಚ್ಚಾತು. ಪೊಟ್ಟಣ ಒಂದು ಮಂದಿಗೆ ತೋರ್ಸಾಕ ಕಟ್ಟಿದ್ದ."

ಅದು ಊರು ಹೇಳುವ ಮಾತೇ. ಹೊರಗಿನವರ ಬಾಯಲ್ಲಿ ಅದನ್ನು ಎಷ್ಟು ಸಲ ಮುರಿದಿದ್ದೇನೋ ಲೆಕ್ಕವಿಲ್ಲ. ಅವಳ ಬಾಯಲ್ಲಿ ಕೇಳಿದಾಗ ಎದ್ದು ನಿಂತು ವಾದಿಸಲಾಗಲಿಲ್ಲ. ಕೊಟ್ಟಿಗೆಯಲ್ಲಿ ಅತ್ತ ಆ ಹುಡುಗಿಯ ಕಥೆ ನನ್ನ ಹತ್ತಿರ ಇದೆ. ಅದನ್ನು ಕೇಳಿದರೆ ಅಪ್ಪನಿಗೆ ತನ್ನ ನೋವು ಗೊತ್ತಿತ್ತೆಂದು ಅವಳಿಗೆ ತಿಳಿಯುತ್ತದೆ. ಗೊತ್ತಿದ್ದೂ ಸಭೆಯಲ್ಲಿ ಸುಮ್ಮನೆ ಕೂತರೆಂದೂ ತಿಳಿಯುತ್ತದೆ. ಒಂದನ್ನು ಕೊಟ್ಟು ಇನ್ನೊಂದನ್ನು ಇಟ್ಟುಕೊಳ್ಳುವುದಕ್ಕೆ ಬರುವುದಿಲ್ಲ. ಚಹಾ ಆರುತ್ತಿತ್ತು. ಕೊನೆಗೆ ನಾನು ಕೇಳಿದ್ದು ಇಷ್ಟೇ:

"ಶಾಂತವ್ವಾ, ಜರ್ಮನ್ಯಾಗ ಬಾತುಕೋಳಿ ಕಾಯೂ ಹುಡುಗಿ ಮಾತು ನಿಮ್ಮಪ್ಪ ನಿನ್ನ ಮುಂದ ಎಂದರ ಹೇಳಿದ್ರೇನ?"